ಕಾಯುವವರ ಪಡಸಾಲೆ

ಟೆಸ್ಟೂರ್, 9 ನವೆಂಬರ್ 1986

ಮಗಳು ವಸೀಲಾಳಿಗೆ ಹಮ್ಮಾದಿಯ ಆಶೀರ್ವಾದ.

ಹಳೆಯ ಧಾನ್ಯದ ಗೋದಾಮಿನ ಹಿಂದಿನ ಜಾಗವನ್ನು ಪುರಸಭೆ ಮಕ್ಕಳ ಸಂಗೀತ ಶಾಲೆಗೆ ಬಿಟ್ಟುಕೊಟ್ಟಿದೆ. ಗುರುವಾರ ಠರಾವು ಪಾಸಾಯಿತು. ಸುದ್ದಿ ತಂದವನು ನಿನ್ನ ತಮ್ಮ ತಾಹರ್. ನಮ್ಮ ಮಲೂಫ್ ಸಂಗೀತ ಸಂಘದ ಕಾರ್ಯದರ್ಶಿಯಾದ್ದರಿಂದ ಕಾಗದ ಮೊದಲು ಅವನ ಕೈಗೇ ಬಂದಿತ್ತು. ಚೌಕದ ಕಾಫಿ ಅಂಗಡಿಯಲ್ಲಿ ನಿಂತುಕೊಂಡೇ ಎರಡು ಸಲ ಓದಿದ. ಎರಡನೆಯ ಸಲಕ್ಕೆ ಅಂಗಡಿಯವನು ರೇಡಿಯೊ ಆರಿಸಿದ.

ನಕ್ಷೆ ಯಾರು ಮಾಡಬೇಕು ಎಂದು ಅಲ್ಲೇ ಮಾತು ಶುರುವಾಯಿತು.

“ತೂನಿಸ್‌ನಿಂದ ಯಾರನ್ನಾದ್ರೂ ಕರೆಸೋಣ.”

“ಅವರು ಬಂದ್ರೆ ಬ್ಯಾಂಕ್ ಕಟ್ಟಿಬಿಟ್ಟು ಹೋಗ್ತಾರೆ. ಮಕ್ಕಳು ಕೌಂಟರ್ ಹಿಂದೆ ನಿಂತು ಹಾಡ್ಬೇಕು.”

“ತಾಹರ್‌ನ ಅಕ್ಕ ಇದಾಳಲ್ಲ, ಫ್ರಾನ್ಸಲ್ಲಿ, ಮಾರ್ಸೇನಲ್ಲಿ. ಅದೇ ಕೆಲಸ ತಾನೆ ಅವಳದು?”

“ಕಟ್ಟಡ ಗೊತ್ತಿರಬಹುದು. ಮಲೂಫ್ ಎಲ್ಲಿ ಗೊತ್ತು ಅವಳಿಗೆ? ಒಂದು ದಿನ ಪಾಠಕ್ಕೆ ಕೂತವಳಲ್ಲ.”

ನಾನು ಹೇಳಿದೆ: “ನಕ್ಷೆ ಬರಲಿ ಬಿಡ್ರಪ್ಪ. ತಪ್ಪು ಹುಡುಕೋಕೆ ನಾವೆಲ್ಲ ಇದೀವಲ್ಲ.” ಅಲ್ಲಿಗೆ ತೀರ್ಮಾನವಾಯಿತು.

ಹೊಸ ಶಾಲೆಯಲ್ಲಿ ಏನಿರಬೇಕು ಎಂದು ಎಲ್ಲರನ್ನೂ ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ: ನಿಶ್ಶಬ್ದ. ಮನ್ನೂಬಿಯಾಳ ಮನೆಯಲ್ಲಿ ಮೂವತ್ತು ವರ್ಷದಿಂದ ಪಾಠ ಹೇಗೆ ನಡೆದಿದೆ ಎಂದು ನಿನಗೆ ಗೊತ್ತು. ಅಂಗಳದ ಸುತ್ತ ಮೂರು ಕೋಣೆ, ಕದಗಳ ಜಾಗದಲ್ಲಿ ಪರದೆ. ಒಂದರಲ್ಲಿ ಊದ್ ಮೀಟುತ್ತಾರೆ, ಪಕ್ಕದ್ದರಲ್ಲಿ ಜೋಡಿ ನಗಾರಿ ಬಡಿಯುತ್ತಾರೆ, ಮೂರನೆಯದರಲ್ಲಿ ನಾನು ದೊಡ್ಡ ಹುಡುಗರಿಂದ ಹಾಡಿಸುತ್ತೇನೆ. ಹೊರಗೆ ಸರದಿ ಕಾಯುವ ಚಿಕ್ಕವರ ಗಲಾಟೆ. ಮನ್ನೂಬಿಯಾಳ ಕೋಳಿಗಳು ಬೇರೆ. ಈಗ ನಮ್ಮದೇ ಶಾಲೆ ಆಗುವುದಾದರೆ ಒಂದು ಕೋಣೆಯ ಸದ್ದು ಇನ್ನೊಂದಕ್ಕೆ ಹೋಗಬಾರದು. ಉಳಿದದ್ದು ನಿನಗೆ ಬಿಟ್ಟಿದ್ದು.

ಹಮ್ಮಾದಿ


ಮಾರ್ಸೇ, 30 ನವೆಂಬರ್ 1986

ಸೀ ಹಮ್ಮಾದಿಯವರಿಗೆ ವಸೀಲಾಳ ಸಲಾಮು.

ಒಪ್ಪಿದ್ದೇನೆ. ಈ ಕಚೇರಿಯಲ್ಲಿ ಒಂಬತ್ತು ವರ್ಷದಿಂದ ಬೇರೆಯವರ ಕಟ್ಟಡಗಳಿಗೆ ಮೆಟ್ಟಿಲು, ಕಿಟಕಿ ಬರೆದಿದ್ದೇನೆ. ನನ್ನ ಹೆಸರಿನಲ್ಲಿ ಏಳುವ ಮೊದಲ ಕಟ್ಟಡ ಇದು. ಅದು ನಮ್ಮ ಊರಿನಲ್ಲೇ ಏಳುತ್ತದೆ ಎಂದರೆ ಏನು ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಲಾಗುವುದಿಲ್ಲ, ಹೇಳಲು ಹೋಗಿಯೂ ಇಲ್ಲ.

ನಾವು ಪಿಟೀಲನ್ನು ತೊಡೆಯ ಮೇಲೆ ನಿಲ್ಲಿಸಿ ನುಡಿಸುವವರು. ಆದ್ದರಿಂದ ಕುರ್ಚಿಗಳಿಗೆ ಕೈ ಇರಬಾರದು, ಕಮಾನು ಓಡಾಡಲು ಎರಡೂ ಪಕ್ಕ ಜಾಗ ಬೇಕು. ಇಲ್ಲಿನ ಪುಸ್ತಕಗಳಲ್ಲಿರುವ ಅಳತೆಗಳು ಗದ್ದದ ಕೆಳಗೆ ಪಿಟೀಲು ಒತ್ತಿಕೊಳ್ಳುವವರವು, ಅವನ್ನು ಪಕ್ಕಕ್ಕಿಟ್ಟೆ. ನೆಲದಿಂದ ಮಕ್ಕಳ ಮೊಣಕಾಲಿಗೆ ಎಷ್ಟು ಎತ್ತರ ಎಂದು ತಾಹರ್ ಒಬ್ಬೊಬ್ಬರದೇ ಅಳೆದು ಕಳಿಸಲಿ.

ಏಳು ಕೋಣೆ. ಊರಿನ ಗೂಡಿನ ಇಟ್ಟಿಗೆಯದೇ ಜೋಡಿ ಗೋಡೆ, ಎರಡರ ನಡುವೆ ಖಾಲಿ ಜಾಗ. ನೆಲದಡಿ ಬೂಚಿನ ಮರದ ತೊಗಟೆ ಹಾಸುತ್ತೇನೆ. ಕದಗಳು ದಪ್ಪ ಮರದವು, ಅಂಚಿಗೆ ಉಣ್ಣೆಯ ಪಟ್ಟಿ. ಅಂಗಳ ಇಲ್ಲ. ಮಧ್ಯೆ ನಡೆದುಹೋಗಲು ಒಂದು ಓಣಿ, ಅಷ್ಟೆ. ಮಗು ಬಂತು, ತನ್ನ ಕೋಣೆ ಸೇರಿತು, ಬಾಗಿಲು ಮುಚ್ಚಿತು. ನಾನು ಕಟ್ಟುವ ಶಾಲೆಯಲ್ಲಿ ಯಾವ ಮಗುವೂ ಹೊರಗೆ ಕೂರುವುದಿಲ್ಲ.

ವಸೀಲಾ


ಟೆಸ್ಟೂರ್, 22 ಫೆಬ್ರವರಿ 1987

ಮಗಳೇ,

ನಕ್ಷೆ ಕಾಫಿ ಅಂಗಡಿಯ ಗೋಡೆಯ ಮೇಲಿದೆ. ತಾಹರ್ ನಾಲ್ಕು ಮೂಲೆಗೂ ಮೊಳೆ ಹೊಡೆದ. ಊರಿನ ಅರ್ಧ ಜನ ಬಂದು ಬೆರಳಿಟ್ಟು ನೋಡಿಹೋದರು. ಎಡಗಡೆಯ ಕೋಣೆಯೊಂದು ಈಗ ಕಾಫಿ ಬಣ್ಣಕ್ಕೆ ತಿರುಗಿದೆ.

“ಅಂಗಳ ಎಲ್ಲಿ?” ಎಂದು ಒಬ್ಬ ಕೇಳಿದ.

“ಇಲ್ದೇ ಇದ್ದದ್ದೇ ಒಳ್ಳೇದು. ಇದ್ರೆ ಮನ್ನೂಬಿಯಾ ಅಲ್ಲೂ ಕೋಳಿ ತಂದು ಬಿಡ್ತಾಳೆ.”

ಮನ್ನೂಬಿಯಾ ಬ್ರೆಡ್ಡಿಗೆ ಬಂದವಳು ಬಾಗಿಲಲ್ಲೇ ನಿಂತಿದ್ದಳು. “ನನ್ನ ಕೋಳಿಗೆ ತಾಳ ಗೊತ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ ನೋಡೋಣ,” ಎಂದು ಹೋದಳು.

ಇಟ್ಟಿಗೆ ಗೂಡಿನವನು ನಿನ್ನ ಜೋಡಿ ಗೋಡೆಯನ್ನು ನೋಡಿ, ತನ್ನ ಅಜ್ಜ ಕೂಡ ಇಷ್ಟು ಇಟ್ಟಿಗೆಯನ್ನು ಒಂದೇ ಮನೆಗೆ ಸುಟ್ಟಿರಲಿಕ್ಕಿಲ್ಲ ಎಂದ. ಅದನ್ನು ಅವನು ದೂರಿನಂತೆ ಹೇಳಲಿಲ್ಲ. ಮಕ್ಕಳ ಅಳತೆ ಇದರ ಜತೆ ಇದೆ. ಅರ್ಬಿಯಾ ಎಂಬ ಐದು ವರ್ಷದ ಹುಡುಗಿ ತನ್ನನ್ನು ಎರಡು ಸಲ ಅಳೆಸಿಕೊಂಡಳು, ಎರಡನೆಯ ಸಲ ತುದಿಗಾಲಲ್ಲಿ ನಿಂತು. ಮೊದಲನೆಯದನ್ನೇ ಬರೆದಿದ್ದೇವೆ. ಹತ್ತು ವರ್ಷದಿಂದ ಹುಡುಗಿಯರೂ ಪಾಠಕ್ಕೆ ಬರುತ್ತಿದ್ದಾರೆ ಎಂಬುದು ನಿನಗೆ ಗೊತ್ತಿರಬೇಕು.

ಮಳೆಯಲ್ಲಿ, ಚಳಿಯಲ್ಲಿ ಮಕ್ಕಳು ಹೊರಗೆ ಕೂರದಂತೆ ನೀನು ಯೋಚಿಸಿದ್ದು ನನಗೆ ಹಿಡಿಸಿತು. ತಪ್ಪು ಹುಡುಕಿದೆ, ಸಿಗಲಿಲ್ಲ.

ಹಮ್ಮಾದಿ


ಟೆಸ್ಟೂರ್, 6 ಡಿಸೆಂಬರ್ 1987

ಮಗಳೇ,

ನೀನು ಉದ್ಘಾಟನೆ ಮುಗಿಸಿ ಹೋದ ಮೇಲೆ ಶಾಲೆ ನೋಡಲು ತೂನಿಸ್‌ನಿಂದ ಎರಡು ಗುಂಪು, ಬೆಜಾದಿಂದ ಒಂದು ಗುಂಪು ಬಂದಿತ್ತು. ತಾಹರ್ ಅವರನ್ನು ಕೋಣೆ ಕೋಣೆಗೂ ಕರೆದೊಯ್ದು, ಒಬ್ಬನನ್ನು ಒಳಗೆ ಕೂಡಿಹಾಕಿ, ಹೊರಗೆ ನಿಂತು ಜೋರಾಗಿ ಅವನನ್ನು ಬೈದು, ಬಾಗಿಲು ತೆರೆದು, “ಏನಾದ್ರೂ ಕೇಳಿಸ್ತಾ?” ಎನ್ನುತ್ತಾನೆ. ಏನೂ ಕೇಳಿಸಿರುವುದಿಲ್ಲ. ಎಲ್ಲರೂ ತಲೆದೂಗುತ್ತಾರೆ.

ನಿನ್ನ ಬಾಗಿಲುಗಳು ಬಹಳ ಚೆನ್ನಾಗಿ ಮುಚ್ಚಿಕೊಳ್ಳುತ್ತವೆ. ಕೋಣೆಯೊಳಗೆ ಕೂತರೆ ಹೊರಗೊಂದು ಶಾಲೆ ಇದೆ ಎಂಬುದೇ ಮರೆತುಹೋಗುತ್ತದೆ.

ಚಿಕ್ಕವರ ತರಗತಿ ನಿಧಾನವಾಗಿ ಸಾಗಿದೆ. ಚಳಿ ಇರಬೇಕು.

ಹಮ್ಮಾದಿ


ಮಾರ್ಸೇ, 3 ಜನವರಿ 1988

ಸೀ ಹಮ್ಮಾದಿಯವರಿಗೆ,

ಬಾಗಿಲುಗಳ ಬಗ್ಗೆ ನೀವು ಬರೆದ ಸಾಲುಗಳನ್ನು ಕಚೇರಿಯವರಿಗೆ ಫ್ರೆಂಚಿಗೆ ತಿರುಗಿಸಿ ಓದಿದೆ. ನೀವು ಸುಲಭಕ್ಕೆ ಹೊಗಳುವವರಲ್ಲ ಎಂದು ಮೊದಲೇ ಹೇಳಿದ್ದೆ. ಒಂದು ಕಟ್ಟಡ ಪತ್ರಿಕೆ ಶಾಲೆಯ ಚಿತ್ರಗಳನ್ನು ಹಾಕಿದೆ, ಒಂದು ಪ್ರತಿ ಕಳಿಸುತ್ತಿದ್ದೇನೆ. ಮಧ್ಯದ ಓಣಿಯನ್ನು ಅವರು ವಿಶೇಷವಾಗಿ ಮೆಚ್ಚಿದ್ದಾರೆ: ಬರಿಯ ಇಟ್ಟಿಗೆ, ಏಳು ಬಾಗಿಲು, ಪೂರ್ಣ ಮೌನ. ಪುಟವನ್ನು ನನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಹೋಗುತ್ತ ಬರುತ್ತ ಜನ ನೋಡುತ್ತಾರೆ, ನಾನೂ ನೋಡುತ್ತೇನೆ.

ಚಳಿಗೆ ನೆಲದ ಮೇಲೆ ಉಣ್ಣೆ ಕಂಬಳಿ ಹಾಸಿ. ಕೆಂಡದ ಒಲೆ ಬೇಡ, ಆ ಕೋಣೆಗಳಲ್ಲಿ ಹೊಗೆ ಹೊರಗೆ ಹೋಗುವುದಿಲ್ಲ.

ವಸೀಲಾ


ಟೆಸ್ಟೂರ್, 20 ಮಾರ್ಚ್ 1988

ವಸೀಲಾಳಿಗೆ,

ಚಿಕ್ಕವರ ತರಗತಿಯನ್ನು ಗುರುವಾರ ಮನ್ನೂಬಿಯಾಳ ಮನೆಗೆ ವಾಪಸು ಕರೆದೊಯ್ದೆ. ತಾಹರ್ ನಿನಗೆ ಬರೆಯಲು ಹೊರಟಿದ್ದ. ನಾನೇ ಬರೆಯುತ್ತೇನೆ, ನೀನು ಸುಮ್ಮನಿರು ಎಂದೆ.

ಚಳಿ ಎಂದು ಬರೆದಿದ್ದೆ. ಚಳಿ ಅಲ್ಲ. ಮುಂಚೆ ಒಂದು ವಾರದಲ್ಲಿ ಬರುತ್ತಿದ್ದ ಹಾಡಿಗೆ ಹೊಸ ಕಟ್ಟಡದಲ್ಲಿ ಒಂದು ತಿಂಗಳು ಹಿಡಿಯಿತು. ಅದೇ ಮಕ್ಕಳು, ಅದೇ ಹಾಡು. ಹಾಗಾದರೆ ಕೆಟ್ಟಿರುವುದು ನಾನೇ, ವಯಸ್ಸಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಅರ್ಬಿಯಾಳ ತಾಯಿ ಹೆರಿಗೆಗೆ ಹೋದಳು. ಹುಡುಗಿಯನ್ನು ಮನ್ನೂಬಿಯಾ ತನ್ನ ಮನೆಯಲ್ಲಿ ಇರಿಸಿಕೊಂಡಳು. ಸಂಘದ ದೊಡ್ಡವರು ನಾವು ಈಗಲೂ ಸಂಜೆ ಅಲ್ಲೇ ಹಾಡುತ್ತೇವೆ. ವಾರ ಕಳೆದ ಮೇಲೆ ಪಾಠಕ್ಕೆ ಕೂತವಳು, ನಾನು ಇನ್ನೂ ಶುರುಮಾಡದ ಹಾಡನ್ನು ಕೊನೆಯವರೆಗೆ ಹಾಡಿದಳು. ತಿರುವುಗಳೂ ಸರಿಯಿದ್ದವು.

“ಯಾರು ಹೇಳಿಕೊಟ್ರು?” ಎಂದೆ.

“ಯಾರೂ ಇಲ್ಲ ಸೀದಿ. ಬಟಾಣಿ ಬಿಡಿಸ್ತಿದ್ದೆ.”

“ಮತ್ತೆ ಹಾಡು?”

“ಅದು ಬಂತು.”

ಆಗ ತಿಳಿಯಿತು. ಹಳೆಯ ಮನೆಯಲ್ಲಿ ಚಿಕ್ಕವರು ನನ್ನ ಮುಂದೆ ಬಂದು ಕೂರುವ ಹೊತ್ತಿಗೆ, ದೊಡ್ಡವರ ಹಾಡು ಪರದೆಯಾಚೆಯಿಂದ ಕಿವಿಗೆ ಬಿದ್ದು ಬಿದ್ದು ಅರ್ಧ ಕಲಿತಾಗಿರುತ್ತಿತ್ತು. ನಾನು ಮಾಡುತ್ತಿದ್ದುದು ತಿದ್ದುವ ಕೆಲಸ. ಮಕ್ಕಳಿಗೆ ಹೇಳಿಕೊಡುವುದರಲ್ಲಿ ಹಮ್ಮಾದಿಯನ್ನು ಮೀರಿಸುವವರಿಲ್ಲ ಎಂದು ಬೆಜಾದವರೆಗೂ ಹೆಸರಿತ್ತು, ಅದನ್ನು ನಾನೂ ನಂಬಿದ್ದೆ. ಆ ಹೆಸರಿನಲ್ಲಿ ಅರ್ಧ ಪರದೆಗೆ ಸೇರಬೇಕಾದದ್ದು. ನಿನ್ನ ಬಾಗಿಲುಗಳು ಚೆನ್ನಾಗಿ ಮುಚ್ಚಿಕೊಳ್ಳುತ್ತವೆ ಎಂದು ಬರೆದದ್ದು ಹೊಗಳಿಕೆಯಲ್ಲ. ನೇರವಾಗಿ ಹೇಳಲು ಆಗ ನನಗೇ ಪೂರ್ತಿ ತಿಳಿದಿರಲಿಲ್ಲ.

ಏಪ್ರಿಲ್ 15ಕ್ಕೆ ಸಂಘದ ಸಭೆ. ಇಡೀ ಶಾಲೆ ಹಳೆಯ ಮನೆಗೆ ಮರಳಲಿ, ಹೊಸ ಕಟ್ಟಡವನ್ನು ಪುರಸಭೆಗೆ ಒಪ್ಪಿಸೋಣ, ಅವರು ಗ್ರಂಥಾಲಯ ಮಾಡಿಕೊಳ್ಳಲಿ ಎಂದು ನಾನು ಸೂಚನೆ ಇಡುವವನಿದ್ದೇನೆ. ಕಟ್ಟಡದಲ್ಲಿ ದೋಷವಿಲ್ಲ. ನಾವು ಕೇಳಿದ್ದನ್ನೇ ನೀನು ಕೊಟ್ಟೆ.

ಹಮ್ಮಾದಿ


ಮಾರ್ಸೇ, 2 ಏಪ್ರಿಲ್ 1988

ಸೀ ಹಮ್ಮಾದಿಯವರಿಗೆ,

ನಾನು ಗ್ರಂಥಾಲಯ ಕಟ್ಟಿಲ್ಲ.

ನೀವು ಆ ಪರದೆಯನ್ನು ಒಳಗಿನಿಂದ ನೋಡಿದವರು. ನಾನು ಹೊರಗಿನಿಂದ ನೋಡಿದವಳು. ತಾಹರ್‌ಗೆ ಆರು ವರ್ಷ, ನನಗೆ ಒಂಬತ್ತು. ಅವನನ್ನು ಪಾಠಕ್ಕೆ ಬಿಟ್ಟು, ಮುಗಿಯುವವರೆಗೆ ಕಾದು, ಮನೆಗೆ ಕರೆದೊಯ್ಯುವುದು ನನ್ನ ಕೆಲಸ. ಆಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಾಲ್ಕು ಚಳಿಗಾಲ ಅಂಗಳದ ಕಟ್ಟೆಯ ಮೇಲೆ ಕೂತೆ. ನೀವು ಪರದೆ ಸರಿಸಿ ಹೊರಗೆ ಬಂದಾಗ ನನಗೆ ಹೇಳುತ್ತಿದ್ದುದು ಒಂದೇ ಮಾತು: “ಒಂದು ಲೋಟ ನೀರು ತಾ ಮಗಳೇ.”

ತಾಹರ್ ಸಾಲು ಮರೆತಾಗ ಪರದೆಯ ಹಿಂದಿನಿಂದ ಪಿಸುಗುಟ್ಟಿ ಹೇಳಿಕೊಡುತ್ತಿದ್ದವಳು ನಾನು. ನೀವು ಅವನಿಗೆ ಸಕ್ಕರೆಯ ಗಟ್ಟಿ ಕೊಡುತ್ತಿದ್ದಿರಿ. ದಾರಿಯಲ್ಲಿ ಅವನು ಅದನ್ನು ಕಚ್ಚಿ ಅರ್ಧ ನನಗೆ ಕೊಡುತ್ತಿದ್ದ. ಅಷ್ಟು ನ್ಯಾಯ ಅವನಲ್ಲಿತ್ತು. ಗಂಟೆಯ ಕಾಲ ಹಾಡಬೇಕಾದ ನೂಬಾವನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ನಾನು ಇವತ್ತೂ ಹಾಡಬಲ್ಲೆ. ಇದುವರೆಗೆ ಯಾರೂ ಹಾಡು ಎಂದಿಲ್ಲ.

ಪರದೆ ಕಲಿಸಿತು, ಸರಿ. ನನಗೂ ಕಲಿಸಿತು. ಆದರೆ ಕಲಿತವಳನ್ನು ಒಳಗೆ ಕರೆಯಲಿಲ್ಲ. ಅದಕ್ಕೇ ಅಂಗಳ ಬಿಟ್ಟೆ, ಅದಕ್ಕೇ ಏಳು ಬಾಗಿಲು. ಮಳೆ, ಚಳಿ ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಟೆಸ್ಟೂರಿನ ಯಾವ ಮಗುವೂ ಇನ್ನು ಆ ಕಟ್ಟೆಯ ಮೇಲೆ ಕೂರಬಾರದು ಎಂದು ಕಟ್ಟಿದ ಶಾಲೆ ಅದು. ನೀವು ಚಿಕ್ಕವರನ್ನು ಕರೆದೊಯ್ದು ಮತ್ತೆ ಅಲ್ಲೇ ಕೂರಿಸಿದ್ದೀರಿ.

ಸೂಚನೆ ಇಡುವುದಿದ್ದರೆ ಇಡಿ. ಈ ಪತ್ರವನ್ನು ಸಭೆಯಲ್ಲಿ ಓದಬೇಡಿ.

ವಸೀಲಾ


ಟೆಸ್ಟೂರ್, 17 ಏಪ್ರಿಲ್ 1988

ಮಗಳು ವಸೀಲಾಳಿಗೆ,

ಸೂಚನೆ ಇಡಲಿಲ್ಲ. ಪತ್ರವನ್ನೂ ಓದಲಿಲ್ಲ. ತಾಹರ್‌ನನ್ನು ಮಾತ್ರ ಪಕ್ಕಕ್ಕೆ ಕರೆದು ಕೇಳಿದೆ.

“ಹೌದು ಸೀದಿ,” ಎಂದ. “ನಾಲ್ಕು ವರ್ಷ ನಾನು ಬಾಯಿ ಆಡಿಸಿದ್ದು, ಅಷ್ಟೆ. ಹಾಡು ಅಕ್ಕಂದು.”

“ಮತ್ತೆ ಈಗ ಸಂಘದಲ್ಲಿ ಏನು ಮಾಡ್ತಿದೀಯೋ?”

“ಅದಕ್ಕೇ ಅಲ್ವಾ ಕಾರ್ಯದರ್ಶಿ ಆಗಿದ್ದು.”

ಆ ಪಿಸುಮಾತು ನನಗೆ ಕೇಳಿಸುತ್ತಿತ್ತು. ಸಾಲು ಸರಿಯಿತ್ತು, ಸರಿಯಿದ್ದದ್ದನ್ನು ಯಾಕೆ ನಿಲ್ಲಿಸಬೇಕು ಎಂದು ಬಿಟ್ಟೆ. ಅದರಾಚೆಗೆ ನನ್ನ ಯೋಚನೆ ಹೋಗಲಿಲ್ಲ. ಅದಕ್ಕೆ ಈಗ ಮಾತು ಪೋಣಿಸುತ್ತ ಕೂರುವುದಿಲ್ಲ, ಕಟ್ಟಡದ ಮಾತಿಗೆ ಬರುತ್ತೇನೆ.

ನನಗೆ ಹಾಡು ಕಾಯುವವರ ಕಿವಿಗೆ ಬೀಳಬೇಕು. ನಿನಗೆ ಯಾರೂ ಹೊರಗಿರಬಾರದು. ಎರಡೂ ಒಂದೇ ಸೂರಿನಡಿ ಆಗುವ ಮಾತೋ ಅಲ್ಲವೋ ನನಗೆ ಗೊತ್ತಿಲ್ಲ, ನನಗೆ ಗೆರೆ ಎಳೆಯಲು ಬರುವುದಿಲ್ಲ. ಮುಂದಿನ ಸಭೆ ಜೂನ್ 3ಕ್ಕೆ. ಅಷ್ಟರೊಳಗೆ ಹೊಸ ನಕ್ಷೆ ಬಂದರೆ ಅದನ್ನು ಮುಂದಿಡುತ್ತೇನೆ. ಬರದಿದ್ದರೆ ಗ್ರಂಥಾಲಯದ ಸೂಚನೆ.

ಹಮ್ಮಾದಿ


ಮಾರ್ಸೇ, 8 ಮೇ 1988

ಸೀ ಹಮ್ಮಾದಿಯವರಿಗೆ,

ನಕ್ಷೆ ಇದರ ಜತೆ ಇದೆ. ಕಾಫಿ ಅಂಗಡಿಯಲ್ಲಿ ಈ ಸಲ ಗಾಜು ಹಾಕಿ ತೂಗುಹಾಕಿ.

ಮಧ್ಯದ ಓಣಿಯನ್ನೂ ಅದಕ್ಕೆ ಅಂಟಿದ ಎರಡು ಕೋಣೆಗಳನ್ನೂ ಕೆಡವಿ ಒಂದು ಪಡಸಾಲೆ ಮಾಡಿದ್ದೇನೆ. ಉಳಿದ ಐದು ಕೋಣೆಗಳೂ ಅದರೊಳಕ್ಕೇ ತೆರೆದುಕೊಳ್ಳುತ್ತವೆ. ಕಾಯುವವರು ಅಲ್ಲಿ, ನಡುಮಧ್ಯದಲ್ಲಿ ಕೂರುತ್ತಾರೆ: ಗೋಡೆಗುಂಟ ಮೂರು ಸಾಲು ಮೆಟ್ಟಿಲುಗಟ್ಟೆ, ಮೇಲಿನಿಂದ ಬೆಳಕು. ಕಟ್ಟಡದಲ್ಲೇ ಒಳ್ಳೆಯ ಜಾಗ ಅದು. ಕದಗಳನ್ನು ಅಡ್ಡಕ್ಕೆ ಕೊಯ್ಯಿಸಬೇಕು. ಕೆಳಗಿನ ಅರ್ಧ ಮುಚ್ಚಿರುತ್ತದೆ. ಮೇಲಿನ ಅರ್ಧವನ್ನು ಯಾವ ಕೋಣೆಯದು ಯಾವಾಗ ತೆರೆಯಬೇಕು ಎಂಬುದನ್ನು ನೀವು ನೋಡಿಕೊಳ್ಳಿ. ನಗಾರಿಯ ಕೋಣೆಯ ಕದ ಮಾತ್ರ ಇಡಿಯಾಗಿಯೇ ಇರಲಿ, ಮಕ್ಕಳ ಕಿವಿ ಉಳಿಯಬೇಕು. ಪಡಸಾಲೆಯ ಚಾವಣಿಗೆ ಹುಲ್ಲಿನ ಚಾಪೆ ಹೊದಿಸಿ. ಹಾಡು ಅಲ್ಲಿಯವರೆಗೆ ಬರಬೇಕು, ಅಲ್ಲಿಂದ ಮಾರ್ದನಿಯಾಗಿ ಬೇರೆ ಕೋಣೆಗೆ ನುಗ್ಗಬಾರದು. ಉಳಿದ ಕೋಣೆಗಳ ಜೋಡಿ ಗೋಡೆಗಳನ್ನು ಮುಟ್ಟುವಂತಿಲ್ಲ. ಆ ವಿಷಯದಲ್ಲಿ ನಾನು ಮಾಡಿದ್ದೇ ಸರಿ.

ಪತ್ರಿಕೆಯವರು ಹೊಗಳಿದ್ದು ಆ ಓಣಿಯನ್ನೇ. ಅದನ್ನು ಕೆಡವುವ ಗೆರೆಯನ್ನು ಕಚೇರಿಯಲ್ಲಿ ಬೇರೆ ಯಾರಿಗೂ ಎಳೆಯಲು ಬಿಡಲಿಲ್ಲ. ಮೇಜಿನ ಮುಂದಿನ ಪುಟ ತೆಗೆದು ಈ ನಕ್ಷೆ ಅಂಟಿಸಿದ್ದೇನೆ. ಇದು ಅದಕ್ಕಿಂತ ಚೆನ್ನಾಗಿದೆ.

ಒಂದು ಷರತ್ತು. ಹಾಜರಿ ಕೂಗುವಾಗ ಪಡಸಾಲೆಯಲ್ಲಿ ಕೂತವರ ಹೆಸರನ್ನೂ ಕೂಗಬೇಕು. ತಮ್ಮನಿಗಾಗಿ ಕಾಯುವ ಅಕ್ಕ ಇರಲಿ, ಮೊಮ್ಮಗನ ಜತೆ ಬಂದ ಅಜ್ಜಿ ಇರಲಿ. ಅಲ್ಲಿ ಕೂತಿದ್ದರೆ ಅವರು ಶಾಲೆಯವರು.

ವಸೀಲಾ


ಟೆಸ್ಟೂರ್, 25 ಸೆಪ್ಟೆಂಬರ್ 1988

ಮಗಳು ವಸೀಲಾಳಿಗೆ,

ಜೂನ್ ಸಭೆ ನಿನ್ನ ನಕ್ಷೆಗೆ ಒಪ್ಪಿತ್ತಲ್ಲ, ಆ ಕೆಲಸ ಬುಧವಾರ ಮುಗಿಯಿತು. ಬಡಗಿ ಕದ ಕೊಯ್ಯುವಾಗ ತಾಹರ್ ಮುಖ ಆಚೆ ತಿರುಗಿಸಿ ನಿಂತಿದ್ದನಂತೆ, ಹೇಳಿದವಳು ಮನ್ನೂಬಿಯಾ. ಗುರುವಾರ ಎಲ್ಲ ಮಕ್ಕಳನ್ನೂ ಕರೆಸಿ ಪಾಠ ನಡೆಸಿ ನೋಡಿದೆವು. ಚಿಕ್ಕವರು ಮೆಟ್ಟಿಲುಗಟ್ಟೆಯ ಕೆಳಗಿನ ಎರಡು ಸಾಲು ತುಂಬಿದರು. ಮೇಲಿನ ಸಾಲಿನಲ್ಲಿ ತಾಯಂದಿರು, ಅಜ್ಜಿಯರು. ಅರ್ಬಿಯಾಳ ತಾಯಿ ಕೂಸನ್ನೂ ತಂದಿದ್ದಳು. ಮನೆ ಬಿಕೋ ಎನ್ನುತ್ತದೆ ಎಂದು ಮನ್ನೂಬಿಯಾಳೂ ಬಂದು ಕೂತಿದ್ದಳು, ಕೋಳಿಗಳನ್ನು ಬಿಟ್ಟು.

ನಿನ್ನ ಷರತ್ತಿನಂತೆ ಎಲ್ಲರ ಹೆಸರೂ ಕೂಗಿದೆ.

“ಮನ್ನೂಬಿಯಾ.”

“ಇಲ್ಲೇ ಇದೀನಲ್ಲ, ಕಾಣಲ್ವಾ?”

“ಹಾಜರ್ ಅನ್ನಬೇಕಮ್ಮ.”

“ಮೂವತ್ತು ವರ್ಷದಿಂದ ಹಾಜರೇ ಇದೀನಿ ಸೀದಿ. ನೀವು ಕೂಗಿದ್ದು ಇವತ್ತು.”

ದೊಡ್ಡ ಹುಡುಗರನ್ನು ಕೋಣೆಯಲ್ಲಿ ಕೂರಿಸಿ, ಮೇಲಿನ ಕದ ತೆರೆದು ಹಾಡಿಸಿದೆ. ಎರಡನೆಯ ಹಾಡಿನ ತಿರುವಿನಲ್ಲಿ ತಡವರಿಸಿ ನಿಂತರು. ಬೇಸಿಗೆ ರಜೆಯಲ್ಲಿ ಮರೆತಿದ್ದಾರೆ. ನಾನು ಬಾಯಿ ತೆರೆಯುವ ಮುಂಚೆ ಪಡಸಾಲೆಯಿಂದ ಆ ಸಾಲು ಬಂತು. ಪಿಸುಮಾತಲ್ಲ, ತುಂಬು ದನಿ. ಮೇಲಿನ ಸಾಲಿನ ಹೆಂಗಸರು. ತಾವೇ ಹಾಡುತ್ತಿದ್ದೇವೆ ಎಂದು ತಿಳಿದೊಡನೆ ಸುಮ್ಮನಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಿಟೀಲಿನ ಕಮಾನು ಕೆಳಗಿಟ್ಟು ಬಾಗಿಲಿಗೆ ಬಂದೆ. “ನಿಲ್ಲಿಸಬೇಡಿ,” ಎಂದೆ.

ಕೊನೆಯ ಹಾಡಿನವರೆಗೆ ಹಾಡಿದರು. ಹುಡುಗರು ಕದದ ಮೇಲೆ ಮೊಣಕೈ ಊರಿ ಕೇಳಿದರು. ನಾನು ತಿದ್ದಿದ್ದು ಒಂದೇ ಕಡೆ. ಮನ್ನೂಬಿಯಾ ಅದನ್ನೂ ಒಪ್ಪಲಿಲ್ಲ. ನಿಮ್ಮ ತಂದೆ ಹೀಗೇ ಹಾಡುತ್ತಿದ್ದರು, ನೀವೇ ಆಮೇಲೆ ಕೆಡಿಸಿಕೊಂಡಿರಿ ಎಂದಳು. ಮನೆಗೆ ಬಂದು ಎರಡೂ ರೀತಿ ಹಾಡಿ ನೋಡಿದೆ. ಅವಳದೇ ಸರಿ ಇರಬಹುದು.

ನಲವತ್ತು ವರ್ಷ ಈ ಊರಿಗೆ ಹಾಡು ಹೇಳಿಕೊಟ್ಟಿದ್ದೇನೆ. ಎಷ್ಟು ಜನಕ್ಕೆ ಹೇಳಿಕೊಟ್ಟೆ ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ದೊಡ್ಡ ಲೆಕ್ಕವನ್ನೇ ಹೇಳುತ್ತೇನೆ. ಆ ಲೆಕ್ಕ ನನ್ನ ಕಣ್ಣಿಗೆ ಬಿದ್ದದ್ದು ನೀನು ಕಟ್ಟಿದ ಕಟ್ಟಡದಲ್ಲಿ.

ಶಾಲೆ ಹೊಸ ಕಟ್ಟಡದಲ್ಲೇ ಇರುತ್ತದೆ ಎಂದು ಸಂಘ ಶುಕ್ರವಾರ ತೀರ್ಮಾನಿಸಿತು. ಮಕ್ಕಳ ತರಗತಿಗಳ ಜತೆಗೆ ಹೆಂಗಸರ ತರಗತಿಯೊಂದಕ್ಕೂ ಒಪ್ಪಿಗೆ ಕೊಟ್ಟಿತು. ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ. ಹನ್ನೆರಡನೆಯ ಹೆಸರನ್ನು ನಿನ್ನನ್ನು ಕೇಳದೆ ನಾನೇ ಬರೆದೆ. ಅಕ್ಟೋಬರ್ ಮೊದಲ ವಾರ ನೀನು ಊರಿಗೆ ಬರುತ್ತೀ ಎಂದು ತಾಹರ್ ಹೇಳಿದ.

ಮೊದಲ ತರಗತಿ ಅಕ್ಟೋಬರ್ 8, ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ. ಹಾಜರಿಯನ್ನು ಐದು ನಿಮಿಷ ಮುಂಚೆ ಕೂಗುತ್ತೇನೆ.

ಹಮ್ಮಾದಿ